ಆಣೆಗೆ ಬೇಡ, ಬೀಗದ ಕೈಗೆ ಬೇಕು

ಗೆಳೆಯರೇ, ಹಳ್ಳಿಮೈಸೂರಿನ ನಮ್ಮ ಬೀದಿಯಲ್ಲಿ ಇವತ್ತು ಬೆಳಿಗ್ಗೆ ಪಕ್ಕದ ಮನೆ ಜವರಣ್ಣನ ಹಲಸಿನ ಹಣ್ಣು ಮರದಿಂದ ಮಾಯ. ಅವರು ಕರ್ಪೂರ ಹಚ್ಚಿ, ಕದಿಯದವರೆಲ್ಲ ಅದನ್ನು ಆರಿಸಿ ಆಣೆ ಮಾಡಬೇಕೆಂದರು. ಬೀದಿಯವರೆಲ್ಲ ಬಂದು ಆರಿಸಿದರು. ನಾನೂ ಕೈ ಚಾಚಿದೆ. ಜವರಣ್ಣ ತಡೆದರು.

“ನೀನ್ ಬ್ಯಾಡ ಕಣಪ್ಪ. ದೇವ್ರೇ ಇಲ್ಲ ಅನ್ನೋನ ಆಣೆ ತಕ್ಕಂಡು ಏನ್ಮಾಡ್ಲಿ?”

ಎಲ್ಲರೂ ನನ್ನತ್ತ ತಿರುಗಿದರು. ಅಲ್ಲಿಗೆ ಕಳ್ಳ ನಾನೇ ಎಂದು ತೀರ್ಮಾನವಾಯಿತು.

ಸಂಜೆ ಅದೇ ಜವರಣ್ಣ ಸಂಸಾರ ಸಮೇತ ತಿರುಪತಿಗೆ ಹೊರಟವರು ಮನೆಯ ಬೀಗದ ಕೈ ತಂದು ನನಗೇ ಕೊಟ್ಟರು.

“ನನ್ನ ಮೇಲೆ ನಂಬಿಕೆ ಇದ್ಯಾ ಜವರಣ್ಣ?” ಎಂದೆ.

“ಇನ್ಯಾರ್ಗೆ ಕೊಡ್ಲಿ? ಬೆಳಿಗ್ಗೆ ಆಣೆ ಮಾಡುದ್ರಲ್ಲ, ಅವ್ರಿಗಾ?”

ನಾನೀಗ ಕಳ್ಳನೋ ಕಾವಲುಗಾರನೋ, ತಿಳಿದವರು ಹೇಳಿ. ಬೀಗದ ಕೈ ಹಿಡಿದು ಕೂತಿದ್ದೇನೆ.