ನಾಲ್ಕು ನಿಮಿಷದ ದಾರಿ

ನಮ್ಮ ಓಣಿಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರಿಗೆ ‘ಮ್ಯಾಪ್ ಮಾವ’ ಎಂದೇ ಹೆಸರು. ಪ್ರಯಾಣ ಹೊರಟವರನ್ನು ಗೇಟಿನಲ್ಲೇ ಹಿಡಿದು, “ಅಲ್ಲಿ ನೆಟ್ ಸಿಗಲ್ಲ, ಮ್ಯಾಪು ಮೊದಲೇ ಇಳಿಸ್ಕೊಂಡ್ರಾ?” ಎನ್ನುತ್ತಾರೆ. ಕಾರು ನಿಲ್ಲಿಸಿದ ಜಾಗಕ್ಕೆ ಗುರುತು ಹಾಕುವುದು, ಎಷ್ಟಕ್ಕೆ ಹೊರಟರೆ ಎಷ್ಟಕ್ಕೆ ತಲುಪುತ್ತೇವೆಂದು ಮುಂಚೆಯೇ ನೋಡುವುದು, ಎಲ್ಲ ಇವರೇ ಕಲಿಸಿದ್ದು. ಅಡುಗೆಮನೆಯಿಂದ ಹಿತ್ತಿಲ ತನಕ ಮ್ಯಾಪಿನಲ್ಲೇ ಅಳೆದು, ಹೆಂಡತಿಗೆ ವಾಕಿಂಗ್ ಸಾಲದೆಂದು ಸಾಬೀತು ಮಾಡಿದ್ದಾರೆ. ಮಾತುಬಿಟ್ಟ ತಮ್ಮನ ಮನೆ ಹಿಂದಿನ ಬೀದಿಯಲ್ಲಿದೆ; ಅದಕ್ಕೂ ಮ್ಯಾಪಿನಲ್ಲಿ ‘ಪುಟ್ಟ’ ಎಂದು ತಾವೇ ಹೆಸರಿಟ್ಟುಕೊಂಡಿದ್ದಾರೆ. ಭಾನುವಾರ ಅದನ್ನು ತೆರೆದು ಕೂತರೆ ಹೆಂಡತಿ, “ನಡೆದ್ರೆ ನಾಲ್ಕೇ ನಿಮಿಷ ರೀ, ಹೋಗ್ಬನ್ನಿ” ಎನ್ನುತ್ತಾರೆ. ಖಾಲಿ ದಾರಿಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ, ಜನ್ಮದಲ್ಲಿ ಯಾರಿಗೂ ತಪ್ಪು ದಾರಿ ಹೇಳದ ಮಾವ ಹೇಳುತ್ತಾರೆ: “ಇವತ್ತು ಟ್ರಾಫಿಕ್ ಜಾಸ್ತಿ ಇದೆ ಕಣೇ.”