ಬಿದ್ದಪ್ಪನವರ ತುಕ್ಕಿನ ಚಿಂತೆ

ದೆಹಲಿಯ ವಸಂತ್ ಕುಂಜ್‌ನ ಬಿದ್ದಪ್ಪನವರಿಗೆ ತುಕ್ಕು ಎಂದರೆ ಹುಟ್ಟಾ ವೈರಿ. ಸೈನ್ಯದಲ್ಲಿದ್ದಷ್ಟು ಕಾಲವೂ ಬಂದೂಕು ರಿಪೇರಿ ಮಾಡಿದವರು. ನಿವೃತ್ತಿಯಾದ ಮೇಲೆ ಎಣ್ಣೆ ಡಬ್ಬಿ ಹಿಡಿದು ಕಂಡವರ ಮನೆಯ ಗೇಟು, ಸೈಕಲ್ಲು, ಕೂಲರು ಅಂತ ತಿರುಗತೊಡಗಿದರು. ಮನುಷ್ಯ ಅಪ್ಪಟ ಚಿನ್ನ, ಆದರೆ ಒಂದು ಹಿಡಿದರೆ ಬಿಡುವ ಪೈಕಿಯಲ್ಲ.

ಆಯುಧಗಳನ್ನು ಪೂಜೆಗಿಡುವ ಕೊಡಗಿನ ಹಬ್ಬ ಕೈಲ್ ಮುಹೂರ್ತದ ದಿನ, ಅಜ್ಜ ಸೊಂಟಕ್ಕೆ ಸಿಕ್ಕಿಸುತ್ತಿದ್ದ ಪೀಚೆಕತ್ತಿಗೆ ಎಣ್ಣೆ ಹಚ್ಚುತ್ತ ಕೂತಿದ್ದರು. ಹತ್ತಿರದ ಮುನಿರ್ಕಾದಲ್ಲಿ ರೂಮು ಮಾಡಿಕೊಂಡು ಜೀವಶಾಸ್ತ್ರದ ಸಂಶೋಧನೆ ಮಾಡುವ ಊರ ಕಡೆಯ ಹುಡುಗಿ ಲಾವಣ್ಯಾ ಹಬ್ಬದೂಟಕ್ಕೆ ಬಂದಿದ್ದಳು. ಅವರು ತುಕ್ಕನ್ನು ಬೈಯುವುದು ಕೇಳಿ ನಕ್ಕಳು.

"ನಾವು ಉಸಿರಾಡೋ ಆಮ್ಲಜನಕಾನೇ ಒಳಗೆ ಜೀವಕೋಶಗಳಿಗೆ ಸ್ವಲ್ಪ ಸ್ವಲ್ಪ ಹಾನಿ ಮಾಡುತ್ತೆ ಅಂಕಲ್. ಒಂಥರಾ ತುಕ್ಕು ಅಂದ್ಕೊಳ್ಳಿ. ವಯಸ್ಸಾಗೋಕೆ ಅದೂ ಒಂದು ಕಾರಣ. ಅದನ್ನ ತಡೆಯೋ ವಸ್ತುಗಳಿಗೇ ಆಂಟಿಆಕ್ಸಿಡೆಂಟ್ ಅನ್ನೋದು" ಎಂದಳು. ಇನ್ನೂ ಹೇಳುವುದಿತ್ತೇನೋ, ಅಷ್ಟರಲ್ಲಿ ಬಿದ್ದಪ್ಪನವರ ಹೆಂಡತಿ ಕಾಳಮ್ಮ ಊಟಕ್ಕೆ ಕರೆದರು. ಹುಡುಗಿ ಎದ್ದು ಹೋದಳು. ತುಕ್ಕು ಮಾತ್ರ ಇವರ ತಲೆಯಲ್ಲಿ ಕೂತುಬಿಟ್ಟಿತು.

ಬಡಿಸುತ್ತಿದ್ದ ಕಾಳಮ್ಮ ನಡುವೆ ಸುಸ್ತಾಗಿ ಕುರ್ಚಿ ಹಿಡಿದು ನಿಂತರು. ಹೃದಯದ ಕವಾಟ ಬದಲಾಯಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ದಿನಾ ಮಾತ್ರೆ ನುಂಗುವ ಜೀವ ಅದು. ತನಗಿಂತ ಮೊದಲು ಇವಳೇ ಹೋಗಿಬಿಟ್ಟರೆ? ಬಿದ್ದಪ್ಪನವರು ಅರ್ಧ ಊಟಕ್ಕೇ ಎದ್ದು ಕೈ ತೊಳೆದರು.

ಮರುದಿನವೇ ಮೆಡಿಕಲ್ ಶಾಪಿನ ಭಯ್ಯಾನಿಂದ ವಿಟಮಿನ್ ಇ ಮಾತ್ರೆ ತಂದರು, ಇದ್ದುದರಲ್ಲೇ ಜೋರಿನದು. ದಿನಾ ಸಂಜೆ ಚಹಾ ಆದ ಮೇಲೆ ಕಾಳಮ್ಮನ ಕೈಗೆ ಎರಡೆರಡು ಇಟ್ಟು, ನೀರು ಕೊಟ್ಟು, ನುಂಗುವವರೆಗೂ ಪಕ್ಕದಲ್ಲೇ ಕೂರುತ್ತಿದ್ದರು.

"ನಾನೇನು ನಿಮ್ಮ ರೈಫಲ್ಲೇನ್ರೀ?"

"ರೈಫಲ್ ಇಷ್ಟು ಮಾತಾಡಲ್ಲ. ಚಲೋ, ನುಂಗು."

ದೀಪಾವಳಿಯ ಹೊತ್ತಿಗೆ ಕಾಳಮ್ಮನ ತೋಳಿನಲ್ಲಿ ನೀಲಿ ಕಲೆಗಳೆದ್ದವು. ಒಂದು ಬೆಳಿಗ್ಗೆ ಮೂಗಿನಿಂದ ಸುರಿದ ರಕ್ತ ಟವಲ್ಲು ತೋಯ್ದರೂ ನಿಲ್ಲಲಿಲ್ಲ. ಆಸ್ಪತ್ರೆಗೆ ಓಡಿದರು. ರಕ್ತ ಅತಿಯಾಗಿ ತೆಳುವಾಗಿದೆ, ಬೇರೆ ಏನಾದರೂ ಔಷಧ ಕೊಡುತ್ತಿದ್ದೀರಾ ಎಂದು ಡಾಕ್ಟರು ಕೇಳಿದರೆ, ಇಲ್ಲ ಎಂದುಬಿಟ್ಟರು. ಸುಳ್ಳು ಹೇಳಿದ್ದಲ್ಲ ಪಾಪ. ಅವರ ಲೆಕ್ಕದಲ್ಲಿ ಅದು ಔಷಧವೇ ಅಲ್ಲ, ಎಣ್ಣೆ. ಕಾಳಮ್ಮ ಗಂಡನ ಮುಖ ನೋಡಿ ಸುಮ್ಮನಾದರು.

ಸುದ್ದಿ ತಿಳಿದು ಲಾವಣ್ಯಾ ಬಂದಳು. "ತುಕ್ಕಿಗೆ ಅಂತ ದಿನಾ ವಿಟಮಿನ್ ಇ ಕೊಡ್ತಿದ್ದೆ ಕಣಮ್ಮ, ಆದ್ರೂ ಹೀಗಾಯ್ತು" ಎಂದರು ಬಿದ್ದಪ್ಪ. ಹುಡುಗಿಯ ಮುಖ ಬಿಳಿಚಿಕೊಂಡಿತು.

"ಅದು ಹೆಚ್ಚಾದ್ರೆ ರಕ್ತ ಇನ್ನೂ ತೆಳುವಾಗುತ್ತೆ ಅಂಕಲ್, ಆಂಟಿ ನುಂಗೋ ಹೃದಯದ ಮಾತ್ರೆ ಜೊತೆಗಂತೂ ಅಪಾಯ. ಎಲ್ಲಾ ತುಕ್ಕೂ ಕೆಟ್ಟದ್ದಲ್ಲ, ರೋಗಾಣು ಕೊಲ್ಲೋಕೆ ಮೈ ಅದನ್ನೇ ಬಳಸುತ್ತೆ. ಹಣ್ಣು, ತರಕಾರಿ ತಿಂದ್ರೆ ಸರಿ. ಮಾತ್ರೆಯಿಂದ ಆಯಸ್ಸು ಹೆಚ್ಚುತ್ತೆ ಅಂತ ಸಾಬೀತಾಗಿಲ್ಲ. ಅವತ್ತೇ ಪೂರ್ತಿ ಹೇಳಬೇಕಿತ್ತು ನಾನು."

ಬಿದ್ದಪ್ಪನವರಿಗೆ ತಮ್ಮದೇ ಹಳೆಯ ಮಾತು ನೆನಪಾಯಿತು. ಎಣ್ಣೆ ಹೆಚ್ಚಾದ ಬಂದೂಕಿಗೆ ಮರಳು ಮೆತ್ತಿಕೊಂಡು ಗುಂಡೇ ಹಾರುವುದಿಲ್ಲ ಎಂದು ರಾಜಸ್ಥಾನದಲ್ಲಿ ಎಷ್ಟು ಜವಾನರನ್ನು ಬೈದಿದ್ದರೋ. ನೇರ ಹೋಗಿ ಡಾಕ್ಟರ ಮುಂದೆ ನೆಟ್ಟಗೆ ನಿಂತು ಎಲ್ಲವನ್ನೂ ಒಪ್ಪಿಸಿದರು. ಮೂರನೇ ದಿನಕ್ಕೆ ಕಾಳಮ್ಮ ಮನೆಗೆ ಬಂದರು.

ಸಂಜೆ ಚಹಾ ಆಯಿತು. ಬಿದ್ದಪ್ಪನವರು ಬಾಲ್ಕನಿ ಬಿಟ್ಟು ಒಳಗೆ ಬರಲಿಲ್ಲ, ನಾಚಿಕೆ.

"ಬನ್ನಿ ಇಲ್ಲಿ" ಎಂದರು ಕಾಳಮ್ಮ. "ಕಲೆ ಎದ್ದಾಗಲೇ ನಂಗೆ ಆ ಮಾತ್ರೆ ಮೇಲೆ ಅನುಮಾನ ಇತ್ತು."

"ಮತ್ತೆ ಯಾಕೆ ನುಂಗಿದೆ?"

"ಮದುವೆಯಾದಾಗಿಂದ ನೀವೊಂದು ಊರು, ನಾನೊಂದು ಊರು. ರಿಟೈರ್ ಆದ್ಮೇಲೆ ನಿಮಗೆ ಕಂಡೋರ ಗೇಟು. ನುಂಗೋವರೆಗಾದ್ರೂ ಪಕ್ಕದಲ್ಲಿ ಕೂತಿರ್ತಿದ್ರಲ್ಲ."

ಬಿದ್ದಪ್ಪನವರ ಕಣ್ಣು ತುಂಬಿ ಬಂತು.

ಮರುದಿನ ಸಂಜೆ ಹೆಂಡತಿಯ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದರು. ಗೇಟು ಕಿರುಗುಟ್ಟುತ್ತಿದೆ ಎಂದು ಕೆಳಗಿನಿಂದ ಯಾರೋ ಕೂಗಿದರು.

"ನಾಳೆ ನೋಡೋಣ" ಎಂದು ಕೂತಲ್ಲಿಂದಲೇ ಹೇಳಿ, ಇನ್ನೊಂದು ತೊಳೆ ಬಿಡಿಸಿ ಕಾಳಮ್ಮನ ಕೈಗಿಟ್ಟರು.