ನಮ್ಮ ಗೋಡೆಯ ನವಿಲು

ಮಾರಾಯ್ರೇ, ಹೊಟ್ಟೆಕಿಚ್ಚು ಏನೆಲ್ಲ ಮಾಡಿಸ್ತದೆ ನೋಡಿ.

ನಮ್ಮ ಶಾಲೆಯ ಕಂಪೌಂಡ್ ಗೋಡೆಗೆ ಮಕ್ಕಳು ಟೈಲ್ಸ್ ಚೂರು ಅಂಟಿಸಿ ಚಿತ್ರ ಮಾಡಿದ್ದಾರೆ. ಚೂರೆಲ್ಲ ವಾಮದಪದವು ಪೇಟೆಯ ಟೈಲ್ಸ್ ಅಂಗಡಿಯಿಂದ ಬೇಡಿ ತಂದದ್ದು. ಗೇಟಿನ ಆಚೆ ಶೋಭಾ ಟೀಚರ ಐದನೇ ಕ್ಲಾಸಿನ ಕೃಷ್ಣ, ಈಚೆ ನನ್ನ ನಾಲ್ಕನೇ ಕ್ಲಾಸಿನ ನವಿಲು. ಇದ್ದ ನೀಲಿಯೆಲ್ಲ ಕೃಷ್ಣನ ಮೈಗೇ ಹೋಯಿತು. ನಮ್ಮ ನವಿಲಿಗೆ ಸಿಕ್ಕಿದ್ದು ಬಾತ್‌ರೂಮಿನ ಕೆಂಪು.

ಇವತ್ತು ನೋಡಲಿಕ್ಕೆ ಬಂದವರದ್ದೆಲ್ಲ ಕೃಷ್ಣನ ಎದುರೇ ಸೆಲ್ಫಿ. "ಟೀಚರೇ, ಇದರಲ್ಲಿ ಜೀವ ಉಂಟು!" ಶೋಭಾ ಟೀಚರ ನಗು ನೋಡಿ ನನಗೆ ಹೊಟ್ಟೆಯೊಳಗೆ ಕೆಂಡ.

ಅಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು ನನ್ನ ಗೋಡೆಯ ಎದುರು ನಿಂತು ಕೂಗಿದರು: "ಹೋ, ಅಂಕದ ಕೋಳಿ! ಭಾರೀ ಲಾಯ್ಕ್ ಆಗಿದೆ ಮಾರ್ರೆ!"

ಕೋಳಿ ಕಾಳಗವೆಂದರೆ ಜೀವ ಬಿಡುವ ನಮ್ಮೂರ ಗಂಡಸರೆಲ್ಲ ಕೃಷ್ಣನನ್ನು ಬಿಟ್ಟು ಈಚೆ ಓಡಿ ಬಂದರು. ಕೋಳಿಯ ಜೊತೆ ಫೋಟೋವೇ ಫೋಟೋ.

"ಅದು ನವಿಲಲ್ವಾ ಟೀಚರ್?" ಶೋಭಾ ಟೀಚರ್ ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

"ಛೆ, ಕೋಳಿಯೇ," ಎಂದುಬಿಟ್ಟೆ.

ನವಿಲು ಅಂಟಿಸಿದ ನನ್ನ ಮಕ್ಕಳು ಸಾಲಾಗಿ ನಿಂತು ನನ್ನನ್ನೇ ನೋಡ್ತಾ ಇದ್ದರು.

ನಾಳೆ ಅವರಿಗೆ ರಾಷ್ಟ್ರಪಕ್ಷಿಯ ಪಾಠ ಉಂಟು.